ಬೂಟಿನ ಜಗಳದಲ್ಲಿ ಬಿಲ್ಕೀಸ್ ಎಲ್ಲಿ?

ಬ್ರಿಟಿಷರ ಆಳ್ವಿಕೆಯ ಕಾಲವನ್ನು ಕುರಿತ ಉರ್ದು ಕಾದಂಬರಿಗಳ ಮಾತು ಬಂದರೆ ನಮ್ಮ ಸಾಹಿತ್ಯ ಸಭೆಗಳಲ್ಲಿ ಒಂದು ಉತ್ತರ ಮೊದಲೇ ತಯಾರಾಗಿರುತ್ತದೆ. ಪರರ ನಕಲು ಮಾಡಿದವನು ಮನೆಗೂ ಸಲ್ಲಲಿಲ್ಲ, ಹೊರಗೂ ಸಲ್ಲಲಿಲ್ಲ. ಹಾಗಾಗಿ ನಾವು ನಮ್ಮ ತಹಜೀಬನ್ನು ಬಿಡಬಾರದು ಅಂತ. ಭಾಷಣ ಮಾಡಿದವರು ಕೂರುತ್ತಾರೆ, ಕೇಳಿದವರು ತಲೆದೂಗುತ್ತಾರೆ, ಚಹಾ ಬರುತ್ತದೆ. ಆ ಉತ್ತರ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಕಾದಂಬರಿಗಳನ್ನು ಪುಟ ಪುಟವಾಗಿ ಓದಿದರೆ ಅವುಗಳಿಗೆ ನಮ್ಮ ಭಾಷಣಕ್ಕಿಂತ ಹೆಚ್ಚು ಗೊತ್ತಿದೆ ಅನ್ನೋದು ಕಾಣುತ್ತದೆ. ಆ ಹೆಚ್ಚಿನ ಮಾತನ್ನು ನಾವು ಕೇಳಿಸಿಕೊಳ್ಳದೆ ಬಿಟ್ಟಿದ್ದೇವೆ. ಅದನ್ನು ಇಲ್ಲಿ ನಿಮ್ಮ ಮುಂದೆ ಇಡಬೇಕು.

ಎರಡು ಕೃತಿಗಳನ್ನು ತೆಗೆದುಕೊಳ್ಳೋಣ. ಎರಡೂ ದಿಲ್ಲಿಯವು. ಒಂದು, ಡೆಪ್ಯುಟಿ ನಜೀರ್ ಅಹ್ಮದರು 1888ರಲ್ಲಿ ಪ್ರಕಟಿಸಿದ 'ಇಬ್ನುಲ್ ವಕ್ತ್'. ಇನ್ನೊಂದು, ಅಹ್ಮದ್ ಅಲಿಯವರ 'ಟ್ವೈಲೈಟ್ ಇನ್ ಡೆಲ್ಲಿ', 1940ರಲ್ಲಿ ಲಂಡನ್ನಿನ ಹೋಗಾರ್ತ್ ಪ್ರೆಸ್ ಹೊರತಂದದ್ದು. ಮೊದಲನೆಯದು ಉರ್ದುವಿನಲ್ಲಿ ಬರೆದದ್ದು, ಎರಡನೆಯದು ಇಂಗ್ಲಿಷಿನಲ್ಲಿ ಬರೆದು ಆಮೇಲೆ 'ದಿಲ್ಲಿ ಕಿ ಶಾಮ್' ಅಂತ ಉರ್ದುವಿಗೆ ಬಂದದ್ದು. ನಡುವೆ 52 ವರ್ಷಗಳ ಅಂತರ. ಆದರೂ ಎರಡರಲ್ಲೂ ಜಗಳ ಶುರುವಾಗುವುದು ಊಟದ ಮೇಜು, ಕೋಟು, ಬೂಟು ಇಂಥವುಗಳಿಂದಲೇ.

ಮೊದಲು ಕಥೆ. ಇಬ್ನುಲ್ ವಕ್ತ್ ಅನ್ನುವವನು ದಿಲ್ಲಿಯ ಕೆಂಪುಕೋಟೆಯ ಅರಮನೆಯೊಂದಿಗೆ ಸಂಬಂಧವಿದ್ದ ಖಾನ್ದಾನಿನ ಹುಡುಗ, ದಿಲ್ಲಿ ಕಾಲೇಜಿನಲ್ಲಿ ಓದಿದವನು. 1857ರ ದಂಗೆಯ ಹೊತ್ತಿನಲ್ಲಿ ಗಾಯಗೊಂಡು ಬಿದ್ದಿದ್ದ ನೋಬಲ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಮನೆಗೆ ತಂದು, ಬಚ್ಚಿಟ್ಟು, ಉಳಿಸುತ್ತಾನೆ. ದಂಗೆ ಅಡಗಿದ ಮೇಲೆ ಅವನಿಗೆ ಇನಾಮು, ಹುದ್ದೆ ಎರಡೂ ಸಿಗುತ್ತವೆ. ನೋಬಲ್ ಅವನನ್ನು ತನ್ನ ಜೊತೆ ಮೇಜಿಗೆ ಕೂರಿಸಿಕೊಳ್ಳುತ್ತಾನೆ. ನಿನ್ನ ಕೌಮಿಗೆ ನೀನೇ ಸುಧಾರಕನಾಗು ಅನ್ನುತ್ತಾನೆ. ಇಬ್ನುಲ್ ವಕ್ತ್ ಊರೊಳಗಿನ ಮನೆ ಬಿಟ್ಟು ಬಂಗಲೆ ಸೇರುತ್ತಾನೆ, ಇಂಗ್ಲಿಷ್ ಉಡುಪು ತೊಡುತ್ತಾನೆ, ನಾಯಿ ಸಾಕುತ್ತಾನೆ, ಸಾಲ ಮಾಡುತ್ತಾನೆ. ನಮಾಜು ಮೆಲ್ಲಗೆ ಜಾರುತ್ತದೆ. ಮಹಲ್ಲಾದವರು ಅವನು ಕಿರಿಸ್ತಾನನಾದ ಅನ್ನುತ್ತಾರೆ. ಅಷ್ಟರಲ್ಲಿ ನೋಬಲ್ ವಿಲಾಯಿತಿಗೆ ಹೋಗುತ್ತಾನೆ, ಶಾರ್ಪ್ ಅನ್ನುವ ಅಧಿಕಾರಿಯ ಕಾಲ ಬರುತ್ತದೆ. ಈ ಶಾರ್ಪನಿಗೆ ಇಬ್ನುಲ್ ವಕ್ತನನ್ನು ಕಂಡರೆ ಆಗದು. ಆಗ ಕುಟುಂಬದ ನೆಂಟ ಹುಜ್ಜತುಲ್ ಇಸ್ಲಾಂ ಬರುತ್ತಾನೆ. ಹೆಸರೇ ಹೇಳುವಂತೆ ಇಸ್ಲಾಮಿನ ಪರ ವಾದ ಮಂಡಿಸುವವನು. ಬಂಗಲೆಯಲ್ಲಿ ಒಂದು ನಮಾಜು ಓದಲು ಅವನಿಗೆ ಶುದ್ಧವಾದ ಜಾಗ ಸಿಗುವುದೇ ಕಷ್ಟ. ಅವನು ಇಬ್ನುಲ್ ವಕ್ತನ ಜೊತೆ ಉದ್ದುದ್ದ ಚರ್ಚೆ ಮಾಡುತ್ತಾನೆ, ಶಾರ್ಪನ ಜೊತೆ ರಾಜಿ ಮಾಡಿಸುತ್ತಾನೆ.

'ಇಬ್ನುಲ್ ವಕ್ತ್' ಅಂದರೆ ಕಾಲದ ಮಗ. ಸೂಫಿಗಳ ಮಾತಿನಲ್ಲಿ ಈ ಗಳಿಗೆಯಲ್ಲಿ ಬದುಕುವವನು ಎಂಬ ಒಳ್ಳೆಯ ಅರ್ಥ. ಬೀದಿ ಉರ್ದುವಿನಲ್ಲಿ ಸಮಯಸಾಧಕ ಎಂಬ ಬೈಗುಳ. ನಜೀರ್ ಅಹ್ಮದರು ಎರಡೂ ಅರ್ಥ ಗೊತ್ತಿದ್ದೇ ಈ ಹೆಸರಿಟ್ಟರು. ಇದು ಸರ್ ಸಯ್ಯದ್ ಅಹ್ಮದ್ ಖಾನರ ವ್ಯಂಗ್ಯಚಿತ್ರ ಅಂತ ಆಗಿನಿಂದಲೂ ಓದುತ್ತಾ ಬಂದವರಿದ್ದಾರೆ. ಕ್ರೈಸ್ತರ ಜೊತೆ ಕೂತು ಉಣ್ಣಬಹುದು ಅಂತ ಪುಸ್ತಿಕೆಯನ್ನೇ ಬರೆದವರು ಸರ್ ಸಯ್ಯದ್, ಹಾಗಾಗಿ ಹೋಲಿಕೆ ಸುಲಭ. ಆದರೆ ವ್ಯಂಗ್ಯಚಿತ್ರ ಅಂದುಬಿಟ್ಟರೆ ಕಾದಂಬರಿ ಅಲ್ಲಿಗೇ ಮುಗಿದುಹೋಗುತ್ತದೆ. ನಾವು ಮುಂದೆ ಹೋಗೋಣ.

ಒಂದು ಪ್ರಶ್ನೆ ಕೇಳುತ್ತೇನೆ. ಇಬ್ನುಲ್ ವಕ್ತ್ ಇಂಗ್ಲಿಷ್ ಕೋಟು ಬಿಚ್ಚಿ ಮತ್ತೆ ಅಂಗರಖಾ ತೊಡಬೇಕು ಅಂತ ಈ ಕಾದಂಬರಿಯಲ್ಲಿ ಯಾರು ಬಯಸುತ್ತಾರೆ? ಹುಜ್ಜತುಲ್ ಇಸ್ಲಾಂ ಬಯಸುತ್ತಾನೆ, ಸರಿ. ಮಹಲ್ಲಾದವರು ಬಯಸುತ್ತಾರೆ, ಸರಿ. ಅವರಿಬ್ಬರಷ್ಟೇ ಗಟ್ಟಿಯಾಗಿ ಬಯಸುವವನು ಶಾರ್ಪ್ ಸಾಹೇಬ. ನೇಟಿವ್ ಒಬ್ಬ ಸಾಹೇಬರ ಉಡುಪು ತೊಟ್ಟರೆ ಅದು ಸಮಾನತೆಯ ದಾವೆ ಹೂಡಿದ ಹಾಗೆ ಅಂತ ಅವನ ಲೆಕ್ಕ. ನೇಟಿವ್ ನೇಟಿವನಂತೆ ಇರಬೇಕು, ಕುದುರೆಯಿಂದ ಇಳಿಯುವಾಗ ಇಳಿಯಬೇಕು, ಸಲಾಮು ಹೊಡೆಯುವಾಗ ಹೊಡೆಯಬೇಕು. ಅಂದರೆ, ನಿನ್ನ ಸಂಸ್ಕೃತಿ ಉಳಿಸಿಕೋ ಅನ್ನುವ ಮಾತನ್ನು ಮೌಲವಿಯೂ ಹೇಳುತ್ತಿದ್ದಾನೆ, ಸರ್ಕಾರವೂ ಹೇಳುತ್ತಿದೆ. ಹುಜ್ಜತುಲ್ ಇಸ್ಲಾಂ ಮತ್ತು ಶಾರ್ಪ್ ಅಷ್ಟು ಬೇಗ ಒಬ್ಬರಿಗೊಬ್ಬರು ಅರ್ಥವಾಗುವುದು ಸುಮ್ಮನೆ ಅಲ್ಲ. ಇಬ್ಬರಿಗೂ ಬೇಕಾದದ್ದು ಒಂದೇ: ಇವನು ತನ್ನ ಜಾಗಕ್ಕೆ ಮರಳಲಿ.

ಹುಜ್ಜತುಲ್ ಇಸ್ಲಾಂ ಮಾಡುವ ಕೆಲಸ ಏನು ಗೊತ್ತೇ? ಅವನೂ ಸರ್ಕಾರದ ಡೆಪ್ಯುಟಿ ಕಲೆಕ್ಟರು. ತೆರಿಗೆ, ಕಚೇರಿ, ಹುಕುಂ ಎಲ್ಲ ಅದೇ ಸರ್ಕಾರದ್ದು, ಸಂಬಳವೂ ಅದೇ ಖಜಾನೆಯದು. ಅವನ ಮೈಮೇಲಿನ ಬಟ್ಟೆ ಮಾತ್ರ ತನ್ನದು. ನಕಲು ಮಾಡಿದವನು ಗುಲಾಮ, ಮಾಡದವನು ಸ್ವತಂತ್ರ ಅಂತ ನಾವು ಸಭೆಯಲ್ಲಿ ಹೇಳುತ್ತೇವೆ. ಕಾದಂಬರಿ ಹೇಳುವುದು ಬೇರೆ: ಇಬ್ಬರೂ ಒಂದೇ ಸರ್ಕಾರದ ನೌಕರರು, ಒಬ್ಬನು ಮೇಜಿನಲ್ಲಿ ಸಮಾನನಾಗಲು ಹೋಗಿ ಪೆಟ್ಟು ತಿಂದ, ಇನ್ನೊಬ್ಬ ಆ ಆಸೆಯನ್ನೇ ಇಟ್ಟುಕೊಳ್ಳದೆ ಕ್ಷೇಮವಾಗಿ ಉಳಿದ. ನಜೀರ್ ಅಹ್ಮದರ ಒಲವು ಎರಡನೆಯವನ ಕಡೆಗೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಒಳ್ಳೆಯ ಕಾದಂಬರಿಕಾರ, ಹಾಗಾಗಿ ಮೊದಲನೆಯವನ ಒಂಟಿತನವನ್ನೂ ಬಿಡದೆ ಬರೆದರು.

ಬೂಟು, ಕೋಟು ಅಂದರೆ ಕ್ಷುಲ್ಲಕ ಅಂತ ಇವತ್ತು ನಮಗೆ ಅನ್ನಿಸಬಹುದು. ಆ ಕಾಲದಲ್ಲಿ ಅದು ರಾಜಕೀಯವೇ ಆಗಿತ್ತು. ಹೈದರಾಬಾದಿನದೇ ಉದಾಹರಣೆ ನೋಡಿ. ನಿಜಾಮರ ದರ್ಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟನೂ ಬೂಟು ಕಳಚಿ ನೆಲದ ಮೇಲೆ ಕೂರುವ ರೂಢಿ ಇತ್ತು. 1869ರಲ್ಲಿ, ಮೂರು ವರ್ಷವೂ ತುಂಬದ ಮಗು ಮಹಬೂಬ್ ಅಲಿ ಖಾನರನ್ನು ಗಾದಿಗೆ ಕೂರಿಸುವಾಗ, ರೆಸಿಡೆಂಟ್ ಬೂಟು ಕಳಚುವುದಿಲ್ಲ, ಕುರ್ಚಿಯೇ ಬೇಕು ಅಂತ ಹಟ ಹಿಡಿದು ಗೆದ್ದ. ಕಲಬುರಗಿ, ರಾಯಚೂರು, ಬೀದರು ಸೀಮೆಯ ನಮ್ಮ ಹಿರಿಯರೆಲ್ಲ ಆ ಗಾದಿಯ ಪ್ರಜೆಗಳೇ. ಅಂದಮೇಲೆ ಪಾದರಕ್ಷೆಯ ಜಗಳದಲ್ಲಿ ಆತಂಕ ನಮ್ಮವರಿಗೆ ಮಾತ್ರ ಇರಲಿಲ್ಲ. ಸಾಹೇಬರಿಗೂ ಇತ್ತು. ಬೂಟು ಕಳಚಿದರೆ ತನ್ನ ಅಧಿಕಾರ ಕಳಚೀತು ಅಂತ ರೆಸಿಡೆಂಟನಿಗೆ ಭಯ, ನೇಟಿವ್ ಬೂಟು ತೊಟ್ಟರೆ ತನ್ನ ಅಧಿಕಾರ ಹೋದೀತು ಅಂತ ಶಾರ್ಪನಿಗೆ ಭಯ. ನಮ್ಮ ವಿಮರ್ಶೆ ಆಳಿಸಿಕೊಂಡವರ ಭಯವನ್ನು ಮಾತ್ರ ಎಣಿಸುತ್ತಾ ಬಂದಿದೆ.

ಆ ಭಯಕ್ಕೆ ಕಾರಣ ಇರಲಿಲ್ಲ ಅಂತ ಯಾರೂ ಹೇಳಲಾರರು. 1857ರ ನಂತರ ದಿಲ್ಲಿಯ ಜನರನ್ನು ಊರಿಂದ ಹೊರಗಟ್ಟಿದರು, ಮುಸಲ್ಮಾನರಿಗೆ ಮರಳಲು ಅನುಮತಿ ಸಿಕ್ಕಿದ್ದು ಉಳಿದವರಿಗಿಂತ ತಡವಾಗಿ. ಜಾಮಾ ಮಸೀದಿಯನ್ನು ವಶಕ್ಕೆ ತೆಗೆದುಕೊಂಡು 1862ರಲ್ಲಿ ಹಿಂದಿರುಗಿಸಿದರು. ಕೆಂಪುಕೋಟೆಯ ಒಳಗಿನ ಕಟ್ಟಡಗಳಲ್ಲಿ ಹೆಚ್ಚಿನವನ್ನು ಕೆಡವಿ ಸೈನಿಕರ ಬ್ಯಾರಕ್ಕು ಕಟ್ಟಿದರು. ಕಳೆದುಕೊಂಡದ್ದು ನಿಜ, ನೋವು ನಿಜ. ಪ್ರಶ್ನೆ ಇರುವುದು, ಆ ನೋವನ್ನು ಹೊತ್ತವರು ಅದನ್ನು ಯಾರ ಮೇಲೆ ಇಳಿಸಿದರು ಅನ್ನೋದರಲ್ಲಿ.

ಇದಕ್ಕೆ ಉತ್ತರ 'ಟ್ವೈಲೈಟ್ ಇನ್ ಡೆಲ್ಲಿ'ಯಲ್ಲಿದೆ. ಕಾಲ 1911ರ ಆಸುಪಾಸು. ಐದನೇ ಜಾರ್ಜ್ ದೊರೆಯ ದರ್ಬಾರು ದಿಲ್ಲಿಯಲ್ಲಿ ನಡೆಯಲಿದೆ, ರಾಜಧಾನಿ ಕಲಕತ್ತೆಯಿಂದ ಇಲ್ಲಿಗೆ ಬರಲಿದೆ. ಹಳೇ ದಿಲ್ಲಿಯ ಗಲ್ಲಿಯೊಂದರಲ್ಲಿ ಮೀರ್ ನಿಹಾಲ್ ಎಂಬ ಯಜಮಾನ. ಪಾರಿವಾಳ ಸಾಕುವವನು, ಶಾಯರಿ ಬಲ್ಲವನು, ಬ್ರಿಟಿಷರನ್ನು ಮನಸಾರೆ ದ್ವೇಷಿಸುವವನು. ಕಿರಿಯ ಮಗ ಅಸ್ಗರ್ ಇಂಗ್ಲಿಷ್ ಬೂಟು ಹಾಕಿಕೊಂಡು ಮನೆಗೆ ಬಂದರೆ ಅವನಿಗೆ ಮೈಯೆಲ್ಲ ಉರಿ. ಕಾದಂಬರಿಯ ಶುರುವಿನಲ್ಲೇ ಈ ಬೂಟಿನ ವಿಷಯಕ್ಕೆ ಬೈಗುಳವಿದೆ. ಅಸ್ಗರನಿಗೆ ಬಿಲ್ಕೀಸ್ ಎಂಬ ಹುಡುಗಿಯ ಮೇಲೆ ಮನಸ್ಸು. ಅವರು ಮೊಗಲ್ ವಂಶದವರು, ನಾವು ಸಯ್ಯದರು, ಸಂಬಂಧ ಆಗದು ಅಂತ ಮೀರ್ ನಿಹಾಲ್ ಹಟ. ಕೊನೆಗೆ ಮದುವೆ ಆಗುತ್ತದೆ.

ಮದುವೆ ಆದ ಮೇಲೆ ಏನಾಗುತ್ತದೆ ನೋಡಿ. ಅಸ್ಗರನಿಗೆ ಬೇಕಾದದ್ದು ಕಿಸ್ಸೆಗಳಲ್ಲಿ ಓದಿದಂಥ ಪ್ರೇಮ. ಬಿಲ್ಕೀಸ್ ಪರದೆಯೊಳಗೆ ಬೆಳೆದ ಹುಡುಗಿ, ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದು ಅವಳಿಗೆ ಯಾರೂ ಕಲಿಸಿಲ್ಲ. ಅವನು ಅವಳಿಗೂ ಇಂಗ್ಲಿಷ್ ಪಾದರಕ್ಷೆ ತೊಡಿಸುತ್ತಾನೆ, ಹೊಸ ರೀತಿಯಲ್ಲಿ ಮನೆ ಸಜ್ಜು ಮಾಡುತ್ತಾನೆ. ಅತ್ತೆಮನೆಯ ಹೆಂಗಸರು ಅವಳನ್ನು ಫರಂಗಿ ಹೆಂಗಸಿನ ಹಾಗೆ ಕಾಣುತ್ತಾಳೆ ಅಂತ ಆಡಿಕೊಳ್ಳುತ್ತಾರೆ. ಅಸ್ಗರನ ಹೊಸತನದ ಪ್ರಯೋಗ ನಡೆದದ್ದು ಅವಳ ಮೇಲೆ, ಹಳಬರ ಕೋಪ ಬಿದ್ದದ್ದೂ ಅವಳ ಮೇಲೆ. ಬೂಟು ಬೇಕು ಅಂತ ಅವಳು ಕೇಳಿರಲಿಲ್ಲ. ಕೆಲವೇ ವರ್ಷದಲ್ಲಿ ಅಸ್ಗರನಿಗೆ ಅವಳ ಮೇಲೆ ಬೇಸರ ಬರುತ್ತದೆ. ಅವಳಿಗೆ ಕ್ಷಯ ಹಿಡಿಯುತ್ತದೆ. ಆರೈಕೆ ಇಲ್ಲದೆ, ಗಂಡನ ಒಂದು ಒಳ್ಳೆಯ ಮಾತಿಗೆ ಕಾಯುತ್ತಾ, ಪುಟ್ಟ ಮಗಳನ್ನು ಬಿಟ್ಟು ತೀರಿಹೋಗುತ್ತಾಳೆ. ಆಮೇಲೆ ಅಸ್ಗರನ ಮನಸ್ಸು ಅವಳ ತಂಗಿಯ ಕಡೆ ತಿರುಗುತ್ತದೆ.

ಇನ್ನು ಮೀರ್ ನಿಹಾಲನ ಕಡೆ ಬನ್ನಿ. ಮಗನ ಬೂಟಿನಿಂದ ಖಾನ್ದಾನಿನ ಮರ್ಯಾದೆ ಹೋಯಿತು ಅನ್ನುವ ಈ ಯಜಮಾನನಿಗೆ ಊರಿನಲ್ಲಿ ಬಬ್ಬನ್ ಜಾನ್ ಎಂಬ ಇಟ್ಟುಕೊಂಡವಳಿದ್ದಾಳೆ. ಮನೆಯ ಕೆಲಸದವಳು ದಿಲ್‌ಚೈನ್ ಜೊತೆಗಿನ ಅವನ ಸಂಬಂಧದಿಂದ ಹೆಂಡತಿಯ ಬುದ್ಧಿಯೇ ಒಮ್ಮೆ ಕೆಟ್ಟಿತ್ತು. ತಹಜೀಬಿನ ಈ ಲೆಕ್ಕದ ಪುಸ್ತಕದಲ್ಲಿ ಮಗನ ಬೂಟು ಅಪರಾಧದ ಕಡೆ ಬರೆಯಲ್ಪಟ್ಟಿದೆ, ಹೆಂಡತಿಯ ಬುದ್ಧಿ ಕೆಟ್ಟದ್ದು ಯಾವ ಕಡೆಯೂ ಇಲ್ಲ. ಅಹ್ಮದ್ ಅಲಿ ಇದನ್ನು ಕೂಗಿ ಹೇಳುವುದಿಲ್ಲ. ಪಾರಿವಾಳ, ಬಿಸಿಗಾಳಿ, ಆಜಾನಿನ ಧ್ವನಿ, ಭಿಕ್ಷುಕರ ಹಾಡು ಇವುಗಳ ನಡುವೆ ಇದನ್ನೂ ಇಟ್ಟು ಮುಂದೆ ಹೋಗುತ್ತಾರೆ. ಹಾಗಾಗಿ ತಪ್ಪಿಸಿಕೊಂಡು ಓದುವುದು ಸುಲಭ.

ನಾವು ಹಾಗೇ ತಪ್ಪಿಸಿಕೊಂಡು ಓದಿದೆವು. ಈ ಕಾದಂಬರಿಯ ಹೆಸರೆತ್ತಿದರೆ ದರ್ಬಾರಿನ ಮೆರವಣಿಗೆಯ ದೃಶ್ಯ ನೆನಪಾಗುತ್ತದೆ; ಜಾಮಾ ಮಸೀದಿಯ ಮೆಟ್ಟಿಲುಗಳಿಂದ ಅದನ್ನು ನೋಡುತ್ತಾ 1857 ನೆನೆದು ಒಳಗೇ ಕುದಿಯುವ ಮೀರ್ ನಿಹಾಲ್ ನೆನಪಾಗುತ್ತಾನೆ; ಬಹದ್ದೂರ್ ಷಾ ಜಫರರ ವಂಶದವರು ಬೀದಿಯಲ್ಲಿ ಭಿಕ್ಷೆ ಬೇಡುವುದು ನೆನಪಾಗುತ್ತದೆ. ಆ ಪುಟಗಳು ದೊಡ್ಡವೇ, ಅನುಮಾನ ಬೇಡ. ಆದರೆ ಮೀರ್ ನಿಹಾಲನ ಅಳು ಒಂದು ಸಾಮ್ರಾಜ್ಯಕ್ಕಾಗಿ, ಬಿಲ್ಕೀಸಳ ಕೆಮ್ಮು ಒಂದು ಕೋಣೆಯೊಳಗೆ. ಮೊದಲನೆಯದನ್ನು ಇತಿಹಾಸ ಅಂತ ಓದಿ ಎರಡನೆಯದನ್ನು ಸಂಸಾರದ ಕಥೆ ಅಂತ ಬದಿಗಿಟ್ಟರೆ ಕಾದಂಬರಿಯ ಅರ್ಧ ಕೈಬಿಟ್ಟ ಹಾಗೆ. ಹೊರಗೆ ಅಧಿಕಾರ ಕಳೆದುಕೊಂಡ ಗಂಡಸು ಮನೆಯೊಳಗೆ ಅದನ್ನು ಹುಡುಕುತ್ತಾನೆ. ಅಪ್ಪ ಹಳೆಯದನ್ನು ಕಾಪಾಡುವ ಹೆಸರಿನಲ್ಲಿ ಹುಡುಕಿದ, ಮಗ ಹೊಸದನ್ನು ತರುವ ಹೆಸರಿನಲ್ಲಿ ಹುಡುಕಿದ. ಇಬ್ಬರಿಗೂ ಕೈಗೆ ಸಿಕ್ಕವರು ಮನೆಯ ಹೆಂಗಸರು. ಫರಂಗಿಯ ಮೇಲೆ ಇವರ ಕೈ ಓಡುವಂತಿರಲಿಲ್ಲ, ಬಿಲ್ಕೀಸಳ ಮೇಲೆ ಓಡುತ್ತಿತ್ತು.

ಮನೆಯ ಹೆಣ್ಣುಮಗಳು ಅಂದಕೂಡಲೇ ನಜೀರ್ ಅಹ್ಮದರ ಇನ್ನೊಂದು ಪುಸ್ತಕದ ಮಾತು ಆಡಲೇಬೇಕು. 1869ರಲ್ಲಿ ಬಂದ 'ಮಿರಾತುಲ್ ಉರೂಸ್', ಉರ್ದುವಿನ ಮೊದಲ ಕಾದಂಬರಿ ಅಂತ ಹೇಳಿಸಿಕೊಳ್ಳುವಂಥದ್ದು. ಒರಟು ಅಕ್ಬರಿ, ಜಾಣೆ ಅಸ್ಗರಿ ಎಂಬ ಅಕ್ಕ ತಂಗಿಯರ ಕಥೆ. ಎಷ್ಟೋ ಮುಸ್ಲಿಂ ಮನೆಗಳಲ್ಲಿ ಮದುವೆಯಾಗಿ ಹೋಗುವ ಹುಡುಗಿಗೆ ಅಸ್ಗರಿಯೇ ಮಾದರಿ. ಈ ಪುಸ್ತಕಕ್ಕೆ ವಾಯುವ್ಯ ಪ್ರಾಂತ್ಯದ ಬ್ರಿಟಿಷ್ ಸರ್ಕಾರ 1000 ರೂಪಾಯಿ ಬಹುಮಾನ ಕೊಟ್ಟಿತ್ತು. ಅಂದರೆ ನಮ್ಮ ಮನೆಯ ಹೆಣ್ಣು ಹೇಗಿರಬೇಕು ಅನ್ನುವ, ನಾವು ಪರಂಪರೆ ಅಂದುಕೊಂಡಿರುವ ಚಿತ್ರಕ್ಕೆ ಸರ್ಕಾರದ ಮೊಹರೂ ಬಿದ್ದಿದೆ. ಇದರಿಂದ ಪುಸ್ತಕ ಕೆಟ್ಟದ್ದಾಗುವುದಿಲ್ಲ. ಅಸ್ಗರಿ ಹುಡುಗಿಯರಿಗೆ ಶಾಲೆ ನಡೆಸುವವಳು, ಅದು ಸಣ್ಣ ಮಾತಲ್ಲ. ಆದರೆ ಅಪ್ಪಟ ನಮ್ಮದು, ಅಪ್ಪಟ ಅವರದು ಅಂತ ಗೆರೆ ಎಳೆಯುವ ಮೊದಲು ಸ್ವಲ್ಪ ತಡೆಯಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಬ್ಬರು ಲೇಖಕರ ಬದುಕೂ ಈ ಗೆರೆಯ ಮೇಲೇ ನಡೆದದ್ದು. ನಜೀರ್ ಅಹ್ಮದರಿಗೆ ಇಂಗ್ಲಿಷ್ ಕಲಿಯಲು ತಂದೆ ಬಿಡಲಿಲ್ಲ. ಆಮೇಲೆ ತಾವೇ ಕಲಿತು ಇಂಡಿಯನ್ ಪೀನಲ್ ಕೋಡನ್ನು ಉರ್ದುವಿಗೆ ತರುವ ಕೆಲಸದಲ್ಲಿ ಸೇರಿದರು. ಬ್ರಿಟಿಷರ ಕೈಕೆಳಗೂ ಕೆಲಸ ಮಾಡಿದರು, ಸಾಲಾರ್ ಜಂಗರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದಲ್ಲೂ ಅಧಿಕಾರಿಯಾಗಿದ್ದರು. ಕುರಾನನ್ನು ದಿಲ್ಲಿಯ ಆಡುನುಡಿಯ ಉರ್ದುವಿಗೆ ಅನುವಾದಿಸಿದರು. ಕೌಮಿನಿಂದ ದೂರವಾದವನ ಗತಿಯನ್ನು ಬರೆದ ಇದೇ ಮನುಷ್ಯನ ಕೊನೆಗಾಲದ ಪುಸ್ತಕ 'ಉಮ್ಮಹಾತುಲ್ ಉಮ್ಮಾ' ತನ್ನ ಆಡುಮಾತಿನ ಸಲಿಗೆಗಾಗಿ ಆಕ್ಷೇಪಕ್ಕೆ ಗುರಿಯಾಯಿತು, ಪ್ರತಿಗಳನ್ನು ಸುಟ್ಟರು. ಹುಜ್ಜತುಲ್ ಇಸ್ಲಾಮಿನ ಪಕ್ಕದಲ್ಲಿ ನಿಂತವರಿಗೂ ಅಲ್ಲಿ ಖಾಯಂ ಜಾಗ ಇರಲಿಲ್ಲ ಅಂದಾಯಿತು.

ಅಹ್ಮದ್ ಅಲಿಯವರು 1932ರಲ್ಲಿ ಸಜ್ಜಾದ್ ಜಹೀರ್, ರಶೀದ್ ಜಹಾನ್, ಮಹಮೂದುಜ್ಜಫರ್ ಜೊತೆ ಸೇರಿ 'ಅಂಗಾರೆ' ಎಂಬ ಕಥಾಸಂಕಲನ ತಂದವರು. ಧರ್ಮದ ಹೆಸರಿನ ದಬ್ಬಾಳಿಕೆಯನ್ನೂ ಮನೆಯೊಳಗೆ ಹೆಂಗಸರ ಪಾಡನ್ನೂ ಮುಚ್ಚುಮರೆಯಿಲ್ಲದೆ ಬರೆದ ಪುಸ್ತಕ ಅದು. ಗದ್ದಲವಾಯಿತು, ಮೌಲವಿಗಳು ಖಂಡಿಸಿದರು. 1933ರ ಮಾರ್ಚಿನಲ್ಲಿ ಸಂಯುಕ್ತ ಪ್ರಾಂತ್ಯದ ಸರ್ಕಾರ 295ಎ ಕಲಮಿನಡಿ ಅದನ್ನು ಮುಟ್ಟುಗೋಲು ಹಾಕಿತು. ನಜೀರ್ ಅಹ್ಮದರು ಉರ್ದುವಿಗೆ ತಂದ ಅದೇ ಪೀನಲ್ ಕೋಡಿಗೆ 1927ರಲ್ಲಿ ಸೇರಿಸಿದ ಕಲಂ ಅದು. ಮೌಲವಿಯ ಖಂಡನೆ, ಸಾಹೇಬನ ಹುಕುಂ, ಮತ್ತೆ ಎರಡೂ ಒಂದೇ ಕಡೆ. ಶಾರ್ಪ್ ಮತ್ತು ಹುಜ್ಜತುಲ್ ಇಸ್ಲಾಂ ಕೈಕುಲುಕಿದ್ದು ಕಾದಂಬರಿಯ ಕಲ್ಪನೆಯಷ್ಟೇ ಅಲ್ಲ ಅನ್ನಲು ಇಷ್ಟು ಸಾಕು.

ಇದೇ ಅಹ್ಮದ್ ಅಲಿ, ದಿಲ್ಲಿ ಉರ್ದುವಿನ ಸೊಗಸು ಅಳಿಯುತ್ತಿದೆ ಅಂತ ಮರುಗುವ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಬರೆದರು. ಉರ್ದುವಿನಲ್ಲಿ ಬರೆದರೆ ಮಾತು ನಮ್ಮವರ ನಡುವೆಯೇ ಉಳಿದೀತು, ಆಳುವವರ ಕಿವಿಗೂ ಇದು ಬೀಳಬೇಕು ಅನ್ನುವುದು ಅವರ ಲೆಕ್ಕ. ಲಂಡನ್ನಿನಲ್ಲಿ ಮುದ್ರಕರು ಕೆಲವು ಭಾಗಗಳಿಗೆ ತಕರಾರು ತೆಗೆದರು, ಇ. ಎಂ. ಫಾರ್ಸ್ಟರ್ ಮೊದಲಾದವರ ಬೆಂಬಲದಿಂದ ಪುಸ್ತಕ ಹೊರಬಂತು. ಆಮೇಲೆ ಅದನ್ನು ಉರ್ದುವಿಗೆ ತಂದವರು ಅವರ ಪತ್ನಿ. ಅವರ ಹೆಸರೂ ಬಿಲ್ಕೀಸ್, ಬಿಲ್ಕೀಸ್ ಜಹಾನ್. ದೇಶ ಇಬ್ಭಾಗವಾದಾಗ ಚೀನಾದಲ್ಲಿದ್ದ ಅಹ್ಮದ್ ಅಲಿ ದಿಲ್ಲಿಗೆ ಮರಳಲಾಗದೆ ಕರಾಚಿ ಸೇರಿದರು, 1994ರಲ್ಲಿ ಅಲ್ಲೇ ತೀರಿಕೊಂಡರು. ಪರಭಾಷೆಯಲ್ಲಿ ಬರೆದ, ಪರದೇಶದಲ್ಲಿ ಸತ್ತ ಈ ಮನುಷ್ಯನಷ್ಟು ದಿಲ್ಲಿಯನ್ನು ಬಲ್ಲವರು ಎಷ್ಟು ಜನ? ಅಸ್ಗರನ ಬೂಟು ಅಸ್ಗರನನ್ನು ಪರಕೀಯ ಮಾಡಿತು ಅನ್ನುವುದಾದರೆ, ಇಂಗ್ಲಿಷ್ ಭಾಷೆ ಅಹ್ಮದ್ ಅಲಿಯವರನ್ನೂ ಪರಕೀಯ ಮಾಡಬೇಕಿತ್ತು. ಮಾಡಲಿಲ್ಲ. ಏಕೆಂದರೆ ಆ ಭಾಷೆಯಲ್ಲಿ ಅವರು ಮಾಡಿದ ಕೆಲಸ ಬೇರೆ. ಅಸ್ಗರ್ ಬೂಟು ತೊಟ್ಟು ಹೆಂಡತಿಯನ್ನು ನೋಡುವುದನ್ನೇ ಬಿಟ್ಟ, ಅಹ್ಮದ್ ಅಲಿ ಇಂಗ್ಲಿಷ್ ಹಿಡಿದು ಬಿಲ್ಕೀಸಳನ್ನು ಜಗತ್ತಿಗೆ ತೋರಿಸಿದರು.

ಉರ್ದುವಿನವರು ಹೀಗೆ ಬರೆದರು, ಕನ್ನಡದಲ್ಲಿ ಏನಿದೆ ಅಂತ ನೀವು ಕೇಳಬಹುದು. ನಿರಂಜನರ 'ಚಿರಸ್ಮರಣೆ' ನೆನಪಿಸಿಕೊಳ್ಳಿ. 1955ರಲ್ಲಿ ಬಂದ ಕಾದಂಬರಿ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ರೈತರ ಹೋರಾಟದ ಕಥೆ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನೇಣಿಗೇರಿದ ನಾಲ್ವರು ಅಪ್ಪು, ಚಿರುಕಂಡ, ಕುಂಞಂಬು ಮತ್ತು ಅಬೂಬಕ್ಕರ್. ಅದೂ ಬ್ರಿಟಿಷ್ ಆಳ್ವಿಕೆಯ ಕಾದಂಬರಿಯೇ. ಆದರೆ ಮೀರ್ ನಿಹಾಲನ ಮನೆಯಲ್ಲಿ ಗಾಳಿಯಂತೆ ತುಂಬಿರುವ ನಾವು ಯಾರು ಎಂಬ ತಳಮಳ ಅಲ್ಲಿ ಮುಖ್ಯವಲ್ಲ. ಜಮೀನ್ದಾರ, ಪೊಲೀಸು, ಗೇಣಿ ಎಲ್ಲ ಕಣ್ಣಮುಂದೆ ಇವೆ. ಜಗಳ ನೇರ ಅವರ ಜೊತೆಗೆ. ಅಬೂಬಕ್ಕರ್ ಅಲ್ಲಿ ಮೊದಲು ರೈತ, ಸಂಗಾತಿ. ಅವನ ಮನೆ, ಅವನ ದೀನು ಇನ್ನೂ ಹೆಚ್ಚು ಬೇಕಿತ್ತು ಅಂತ ನನ್ನಂಥ ಓದುಗರಿಗೆ ಅನ್ನಿಸುವುದುಂಟು. ಆದರೂ ಒಂದು ವಿಷಯ ಸ್ಪಷ್ಟ: ಕೈ ಅಧಿಕಾರದ ಕಡೆಗೆ ನೇರವಾಗಿ ಚಾಚಿದಾಗ ಬೂಟಿನ ಜಗಳ ಚಿಕ್ಕದಾಗುತ್ತದೆ. ಕೈ ಅಷ್ಟು ದೂರ ಹೋಗದಿದ್ದಾಗ ಅದೇ ಜಗಳ ಮನೆ ತುಂಬುತ್ತದೆ. ದಿಲ್ಲಿಯ ಕಾದಂಬರಿಗಳನ್ನೂ ಕಯ್ಯೂರಿನ ಕಾದಂಬರಿಯನ್ನೂ ಜೊತೆಯಲ್ಲಿಟ್ಟು ಓದುವ ಭಾಗ್ಯ ಎರಡು ಭಾಷೆ ಬಲ್ಲ ನಮಗಿದೆ. ಅದನ್ನು ಬಳಸಿಕೊಳ್ಳೋಣ.

ಈ ಹಳೇ ಕಾದಂಬರಿಗಳು ಇವತ್ತಿಗೆ ಯಾಕೆ ಅನ್ನುವವರಿಗೆ ಒಂದೇ ಒಂದು ಮಾತು. 2022ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು, ಮಾರ್ಚ್ 15ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ತಿಂಗಳುಗಳಲ್ಲಿ ತಲೆಯ ಮೇಲಿನ ಒಂದು ಬಟ್ಟೆಯ ಬಗ್ಗೆ ಮಾತಾಡದವರೇ ಇರಲಿಲ್ಲ. ಸರ್ಕಾರದವರು, ವಕೀಲರು, ಟಿವಿಯವರು, ನಮ್ಮ ಮುಖಂಡರು, ಎಲ್ಲರೂ ಮಾತಾಡಿದರು. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಹಾಗಾಗಿ ನನ್ನ ಕಣ್ಣು ಹೋಗುವುದು ಖಾಲಿ ಬೆಂಚಿನ ಕಡೆಗೆ. ಪರೀಕ್ಷೆ ಬರೆಯದೆ ಮನೆಗೆ ಹೋದ ಹುಡುಗಿ ಆ ಮಾತಿನಲ್ಲಿ ಎಷ್ಟು ಹೊತ್ತು ಇದ್ದಳು? ಅವಳ ಹಕ್ಕನ್ನು ಕಿತ್ತುಕೊಂಡವರ ತಪ್ಪು ದೊಡ್ಡದು. ಆದೇಶ ಮಾಡಿದವರನ್ನೂ ಅವಳ ಪರ ನಿಂತವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಗುರುತಿನ ಜಗಳಕ್ಕೆ ಬೆಲೆ ತೆರುವವಳನ್ನು ಆ ಜಗಳದಲ್ಲಿ ಕೊನೆಗೆ ಕೇಳುವ ರೂಢಿ ಮಾತ್ರ ಬಿಲ್ಕೀಸಳ ಕಾಲದಿಂದ ಬದಲಾಗಿಲ್ಲ.

ಕರ್ನಾಟಕದ ಹೊರಗೆ ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಬದುಕುವ ನಮಗೆ ಗುರುತಿನ ಆತಂಕ ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇದೆ. ಮಸೀದಿಯಲ್ಲಿ ನಮ್ಮ ದಖನಿ ಕೇಳಿ ನಗುವವರಿದ್ದಾರೆ. ಕನ್ನಡ ಸಂಘದಲ್ಲಿ ನಿಮ್ಮ ಭಾಷೆ ಉರ್ದು ಅಲ್ಲವೇ ಅಂತ ಕೇಳುವವರಿದ್ದಾರೆ. ಮಕ್ಕಳು ಇಂಗ್ಲಿಷಿನಲ್ಲಿ ಕನಸು ಕಾಣುತ್ತಾರೆ. ಈ ಎಲ್ಲದರ ನಡುವೆ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನಿಸುವುದು ಸಹಜ. ಹಿಡಿದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮಗನಿಗೆ ಇಂಗ್ಲಿಷ್ ಮೀಡಿಯಂ, ಮಗಳಿಗೆ ಮಾತ್ರ ತಹಜೀಬು ಅಂತ ಹಂಚುವ ಮನೆಗಳಿವೆಯಲ್ಲ, ಆ ಮನೆಗಳಲ್ಲಿ ಮೀರ್ ನಿಹಾಲನೂ ಅಸ್ಗರನೂ ಇಬ್ಬರೂ ಇನ್ನೂ ವಾಸವಾಗಿದ್ದಾರೆ.

ಹಾಗಾಗಿ ಮುಂದಿನ ಸಲ ಇಂಥ ಕಾದಂಬರಿ ಕೈಗೆ ಬಂದರೆ ಯಾರು ನಕಲು ಮಾಡಿದ, ಯಾರು ಮಾಡಲಿಲ್ಲ ಅನ್ನುವುದನ್ನು ಎಣಿಸುವ ಮೊದಲು ಎರಡು ಪ್ರಶ್ನೆ ಕೇಳಿ. ನಾನು ನಾನಾಗಿಯೇ ಉಳಿಯಬೇಕು ಅಂತ ಇಲ್ಲಿ ಯಾರೆಲ್ಲ ಬಯಸುತ್ತಿದ್ದಾರೆ, ಅವರಿಗೆ ಅದರಿಂದ ಏನು ಲಾಭ? ಉಳಿದದ್ದರ, ಇಲ್ಲವೇ ಬದಲಾದದ್ದರ ಖರ್ಚು ಯಾರ ಹೆಸರಿಗೆ ಬರೆದಿದೆ? ಇಷ್ಟು ಕೇಳಿಕೊಂಡು ಓದಿದರೆ 'ಇಬ್ನುಲ್ ವಕ್ತ್' ನೀತಿಪಾಠದಿಂದ ಕಾದಂಬರಿಯಾಗುತ್ತದೆ, 'ಟ್ವೈಲೈಟ್ ಇನ್ ಡೆಲ್ಲಿ' ಬರೀ ಮರ್ಸಿಯಾ ಆಗಿ ಉಳಿಯುವುದಿಲ್ಲ. ಪುಸ್ತಕ ಸಿಕ್ಕರೆ ಮನೆಯ ಹೆಣ್ಣುಮಕ್ಕಳಿಗೇ ಮೊದಲು ಓದಲು ಕೊಡಿ. ಓದಿ ಮುಗಿಸಿ ಅವರು ಏನನ್ನುತ್ತಾರೆ ಅಂತ ಕೇಳಿಸಿಕೊಂಡು, ಆಮೇಲೆ ಸಭೆಯಲ್ಲಿ ಮಾತಾಡೋಣ.